ಬೆರ್ಚಪ್ಪನ ಕೋಟು

ತಾಳವಾಡಿ
16 ಜೂನ್ 2024

ಪ್ರಿಯ ಸೋಮು,

ಈ ಕಾಗದದಲ್ಲಿ ಸುತ್ತಿಟ್ಟಿರುವ ಪೆನ್‌ಡ್ರೈವನ್ನು ಮೊದಲು ತೆಗೆದು ಜೋಪಾನ ಮಾಡು. ಹೋದ ಸಲ ಅದನ್ನು ಕಾಗದದ ಜೊತೆ ಕಸದ ಬುಟ್ಟಿಗೆ ಎಸೆದೆಯಂತೆ, ಸೆಲ್ವಿ ಬುಟ್ಟಿ ಬೋರಲು ಹಾಕಿ ಹುಡುಕಿದಳಂತೆ. ಕೀಬೋರ್ಡ್ ನುಡಿಸುವವಳ ಕೈಯಲ್ಲಿ ಕಸ ಹೆಕ್ಕಿಸಿದ ಬ್ಯಾಂಡ್ ನಮ್ಮದೊಂದೇ ಇರಬೇಕು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನಾವು ಜಗಳವಾಡುತ್ತೇವೆ. ಕಾಗದದಲ್ಲಿ ಬೈಯಲು ಕೂತರೆ ಅರ್ಧಕ್ಕೇ ಕೈ ಸೋತು ಒಳ್ಳೆಯ ಮಾತು ಬರುತ್ತದೆ. ಇಲ್ಲಿನ ನೆಟ್ಟಿನಲ್ಲಿ ಒಂದು ಹಾಡು ಕಳಿಸುವಷ್ಟರಲ್ಲಿ ಕರೆಂಟು ಹೋಗುವುದರಿಂದ ಪೆನ್‌ಡ್ರೈವ್ ಹೇಗೂ ಕಂಡಕ್ಟರ್ ಮೋಹನ್ ಕೈಯಲ್ಲಿ ಘಾಟಿ ಇಳಿದು, ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ ಕೊಯಮತ್ತೂರಿಗೆ ಬರಬೇಕು. ಜೊತೆಗೊಂದು ಕಾಗದವೂ ಬಂದರೆ ಅವನೇನು ಟಿಕೆಟ್ ಹರಿಯುವುದಿಲ್ಲ.

ನಮ್ಮ ಆಲ್ಬಮ್ಮಿನ ಮೂರನೆಯ ಭಾಗಕ್ಕೆ ಹಾಡಿ ಕಳಿಸಿದ್ದೇನೆ. ಹೊರಗಿನ ಸದ್ದು ಬರದಿರಲಿ ಎಂದು ಕಂಬಳಿ ಹೊದ್ದು ಹಾಡಿದೆ. ಅವ್ವ ಜ್ವರ ಎಂದುಕೊಂಡು ಮೆಣಸಿನ ಕಷಾಯ ತಂದಳು. ನಡುವೆ ಲೋಟದ ಸದ್ದು ಕೇಳಿದರೆ ಅದನ್ನು ತೆಗೆಯಬೇಡ, ಚೆನ್ನಾಗಿದೆ.

ಆಲ್ಬಮ್ಮಿನ ಹೊದಿಕೆಗೆ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಡು ಅಂದೆಯಲ್ಲ. ಬರೆದುಕೋ. ಒಂದು ಊರು, ಊರಿಗೊಂದು ಜೋಳದ ಹೊಲ. ಹಕ್ಕಿ ಓಡಿಸಲು ಅಲ್ಲೊಬ್ಬ ಬೆರ್ಚಪ್ಪನನ್ನು ಕಟ್ಟಿ ನಿಲ್ಲಿಸುತ್ತಾರೆ: ಹುಲ್ಲಿನ ಮೈ, ಮಡಕೆಯ ತಲೆ, ಯಜಮಾನರ ಹಳೆಯ ಕೋಟು. ಯಜಮಾನರು ಊರು ಬಿಟ್ಟರೂ ಜನ ಕೋಟಿಗೆ ಕೈಮುಗಿಯುವುದನ್ನು ಬಿಡುವುದಿಲ್ಲ. ಬರಬರುತ್ತಾ ಬೆರ್ಚಪ್ಪನೇ ನ್ಯಾಯ ಹೇಳುತ್ತಾನೆ. ಯಾರು ಎಲ್ಲಿ ಕೂರಬೇಕು, ಯಾರು ಯಾವ ಲೋಟದಲ್ಲಿ ಕುಡಿಯಬೇಕು ಎಂಬುದೆಲ್ಲ ಅವನ ಅಪ್ಪಣೆ. 'ಹಕ್ಕಿಗೆ ಮೂರು ದಿನಕ್ಕೆ ತಿಳಿಯಿತು, ನಮಗೆ ಮೂರು ತಲೆಮಾರಿಗೂ ತಿಳಿಯಲಿಲ್ಲ' ಎಂಬಲ್ಲಿಗೆ ಐದನೆಯ ಭಾಗ ಮುಗಿಯುತ್ತದೆ.

ಆರನೆಯ ಭಾಗ ಗೊತ್ತಿಲ್ಲ. ಜನ ಬೆರ್ಚಪ್ಪನಿಗೆ ಬೆಂಕಿ ಇಡಬೇಕು ಎಂದು ನಾನು, ಮಳೆ ಬಂದು ಅವನು ತಾನೇ ಕರಗಬೇಕು ಎಂದು ನೀನು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಮುಗಿದ ಮೇಲೆ ಜಗತ್ತು ಕೇಳಲಿ ಬಿಡಲಿ, ನಮ್ಮೂರಿನ ಶಾಲೆಯ ಮೈದಾನದಲ್ಲಿ ಮೈಕ್ ಸೆಟ್ ಕಟ್ಟಿ ಮೊದಲಿಂದ ಕೊನೆಯವರೆಗೆ ಹಾಕಬೇಕು. ನನ್ನಪ್ಪ ಎಲ್ಲರಿಗಿಂತ ಮುಂದೆ ಕೂತು ಕೇಳಬೇಕು. ಅದಾಗದಿದ್ದರೆ ನನ್ನ ಪಾಲಿಗೆ ಈ ಆಲ್ಬಮ್ ಆದಂತಲ್ಲ.

ಕವಿತ


ಕೊಯಮತ್ತೂರು
27 ಜೂನ್ 2024

ಪ್ರಿಯ ಕವಿತ,

ಲೋಟದ ಸದ್ದು ಇಟ್ಟುಕೊಂಡಿದ್ದೇನೆ. ಸೆಲ್ವಿ ಅದರ ಮೇಲೊಂದು ಸ್ವರ ಹಿಡಿದು ಕೂತಿದ್ದಾಳೆ. ನಿಮ್ಮವ್ವನ ಹೆಸರನ್ನೂ ಹಾಕಬೇಕಾಗುತ್ತದೆ: ಲೋಟ, ಪುಟ್ಟಿ.

ಸ್ಟುಡಿಯೋದಲ್ಲಿ ಬೆಳಿಗ್ಗೆ ಮುರುಗನ ಹಾಡು, ಮಧ್ಯಾಹ್ನ ನೈಟಿ ಅಂಗಡಿಯ ಜಾಹೀರಾತು. ಸಾಯಂಕಾಲ ಮಾಲೀಕರು ಮನೆಗೆ ಹೋದ ಮೇಲೆ ನಮ್ಮ ಬೆರ್ಚಪ್ಪನನ್ನು ಎಬ್ಬಿಸುತ್ತೇನೆ. ಎರಡನೆಯ ಭಾಗದಲ್ಲಿ ಕೋಟು ತೊಡಿಸುವ ಜಾಗವನ್ನು ಐದು ಮಾತ್ರೆಯಿಂದ ಏಳಕ್ಕೆ ಜಾರಿಸಿದ್ದೇನೆ. ಶಂಕರ್‌ಗೆ ಹೇಳು, ಅವನ ಡ್ರಮ್ಸ್ ಅಲ್ಲಿ ಎಡವಬೇಕು. ಎಡವಿದ ಹಾಗೆ ಕೇಳಿಸಬೇಕು, ಬೀಳಬಾರದು.

ಈ ಕಥೆಯನ್ನು ಎಷ್ಟು ಯೋಚಿಸಿದರೂ ಅರ್ಥ ಹೊಸದಾಗಿ ಹುಟ್ಟುತ್ತಲೇ ಇದೆ. ಬೆರ್ಚಪ್ಪ ಎಂದರೆ ದೊಡ್ಡ ದೊಡ್ಡ ಕಂಪನಿಗಳು. ಒಳಗೆ ಹುಲ್ಲು, ಹೊರಗೆ ಕೋಟು. ಯಜಮಾನ ಎಲ್ಲಿದ್ದಾನೋ ಯಾರೂ ಕಂಡಿಲ್ಲ. ಬೀಜದಿಂದ ಬೆಲೆಯವರೆಗೆ ಎಲ್ಲ ಅವನ ಮಾತು. ಮಾರ್ಕೆಟ್ಟಿನಲ್ಲಿ ಕೋಸಿನ ಮೂಟೆ ಇಳಿಸುವ ಜನರನ್ನು ನೋಡಿದಾಗಲೆಲ್ಲ ನಿನ್ನ ಸಾಲು ನೆನಪಾಗುತ್ತದೆ. ಎಲ್ಲಿಂದ ಹೊಳೆಯಿತು ನಿನಗಿದು? ನನ್ನದೊಂದು ಸಲಹೆ: ಕೋಟಿನ ಬದಲು ಟೈ ಮಾಡೋಣ. ಕೇಳುವವರಿಗೆ ಕಂಪನಿ ಎಂದು ತಟ್ಟನೆ ತಿಳಿಯುತ್ತದೆ. ಆ ಮೂರು ಗುಂಡಿ, ಅದರಲ್ಲೊಂದು ಕೆಂಪು, ಇದೆಲ್ಲ ಯಾಕೆ ಎಂದು ಸೆಲ್ವಿಯೂ ಕೇಳಿದಳು.

ಊರಲ್ಲಿ ಹಾಕುವ ಮಾತಿಗೆ ನಾನು ಸಿದ್ಧ. ನಮ್ಮಪ್ಪ ಗುರುಸ್ವಾಮಿಯವರಿಗೆ ಗಿಟಾರ್ ಎಂದರೆ ತಂತಿ ಕಟ್ಟಿದ ಮರದ ತುಂಡು. ಅವರೂ ಒಮ್ಮೆ ಕೇಳಲಿ, ಕಂಪನಿಗಳ ಆಟ ತಿಳಿಯಲಿ.

ನಿನ್ನ,
ಸೋಮು


ತಾಳವಾಡಿ
8 ಜುಲೈ 2024

ಸೋಮು,

ಟೈ ಬೇಡ. ಕೋಟೇ ಇರಲಿ. ಗುಂಡಿಯೂ ಇರಲಿ, ಕೆಂಪಾಗಿಯೇ ಇರಲಿ. ಎಲ್ಲಿಂದ ಹೊಳೆಯಿತು ಅಂದೆ. ಹೊಲದಿಂದ.

ನಿನ್ನ ಕಂಪನಿಯ ಅರ್ಥ ಚೆನ್ನಾಗಿದೆ. ಯಾರಾದರೂ ಕೇಳಿದರೆ ಅದನ್ನೇ ಹೇಳು.

ಈ ವಾರ ನನಗೆ ಸಿಟ್ಟು ಬಂದಿದೆ, ನಿನ್ನ ಮೇಲಲ್ಲ. ಭಾನುವಾರ ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಗೆ ರಜಾ, ಅವ್ವನ ಜೊತೆ ಕಳೆ ತೆಗೆಯಲು ಹೋಗಿದ್ದೆ. ಎರಡನೆಯ ಭಾಗವನ್ನು ಸಣ್ಣಗೆ ಹಾಡಿಕೊಳ್ಳುತ್ತಿದ್ದೆ. 'ಕೋಟೇ ಕೋಟೇ, ನಿನ್ನ ತೋಳು ಎಷ್ಟು ಉದ್ದ' ಎಂಬಲ್ಲಿ ಪಕ್ಕದ ಸಾಲಿನಲ್ಲಿದ್ದ ಮಂಗಳಮ್ಮ ನಗಲು ಶುರುಮಾಡಿದಳು. ಸುಮ್ಮನೆ ನಗುವಲ್ಲ, ಬದುವಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು ಬರೆದ ಹಾಡದು. ಯಾಕೆ ನಗುತ್ತೀ ಎಂದರೆ, 'ನಿಮ್ಮಪ್ಪನ್ ಕೇಳೋಗು' ಅಂದಳು. ಅಪ್ಪನನ್ನು ನಾನು ಯಾಕೆ ಕೇಳಲಿ. ಮೈದಾನದಲ್ಲಿ ಹಾಕುವ ಮೊದಲು ಅಪ್ಪನಿಗೆ ಆ ಹಾಡು ಕೇಳಿಸಬಾರದೆಂದೂ ಇಷ್ಟು ದಿನ ಕಂಬಳಿ ಹೊದ್ದದ್ದು.

ಮುಂದಿನ ಪೆನ್‌ಡ್ರೈವಿನಲ್ಲಿ ನಾಲ್ಕನೆಯ ಭಾಗ ಬರುತ್ತದೆ. ಕಾಗದ ಬಂದರೆ ಬಂತು.

ಕವಿತ


ಕೊಯಮತ್ತೂರು
6 ನವೆಂಬರ್ 2024

ಕವಿತ,

ನಾಲ್ಕು ತಿಂಗಳು ಕಾಗದವಿಲ್ಲದೆ ಬರೀ ಹಾಡು ಕಳಿಸಿದೆ. ಹಾಡು ಬರುತ್ತಿದೆಯಲ್ಲ ಎಂದು ನಾನೂ ಸುಮ್ಮನಿದ್ದೆ. ಈಗ ನಾನು ಬರೆಯಲೇಬೇಕು.

ದೀಪಾವಳಿಗೆ ಮನೆಗೆ ಬಂದಿದ್ದೆ. ನೀನು ಸಿಗಲಿಲ್ಲ, ಸಿಕ್ಕಿದ್ದರೆ ಅಲ್ಲೇ ಕೇಳುತ್ತಿದ್ದೆ. ಗುಮಟಾಪುರದ ಹಬ್ಬದಲ್ಲಿ ಸಗಣಿ ಎರಚಾಡಿ ಮೈಯೆಲ್ಲ ಮೆತ್ತಿಕೊಂಡು ಮನೆಗೆ ಬಂದೆ. ಹಿತ್ತಲಲ್ಲಿ ಅವ್ವ ಬಿಸಿನೀರು ಹುಯ್ಯುತ್ತಿದ್ದಳು. ಬೆನ್ನಿಗೆ ಬಿಸಿನೀರು ಬಿದ್ದರೆ ಯಾರಿಗೆ ತಾನೆ ಹಾಡು ಬರುವುದಿಲ್ಲ. ಎರಡನೆಯ ಭಾಗ ಹಾಡಿದೆ. ಮೂರು ಗುಂಡಿ, ಒಂದು ಕೆಂಪು ಎಂಬಲ್ಲಿ ಅವ್ವ ಚೊಂಬು ಹಿಡಿದು ನಿಂತಳು. 'ಅಯ್ಯೋ, ಇದು ನಿಮ್ಮಪ್ಪನ್ ಕೋಟಲ್ವಾ. ಆ ಕೆಂಪು ಗುಂಡಿ ನಾನೇ ಒಲ್ದಿದ್ದು. ಅರ್ದೋಯ್ತು ಅಂತ ರಾಚಂಗೆ ಕೊಟ್ಟಿದ್ದೆ, ಬೆರ್ಚಪ್ಪಂಗೆ ಆಕು ಅಂತ' ಎಂದು ನಿಮ್ಮಪ್ಪನ ಹೆಸರನ್ನೂ ಎಳೆದು ತಂದಳು.

ತಲೆಯ ಮೇಲಿನ ಸೋಪಿನ ನೊರೆ ಕಣ್ಣಿಗಿಳಿದರೂ ನನಗೆ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಮುಟ್ಟಿಕೊಳ್ಳುವುದಕ್ಕೂ ಮೊದಲೇ ಅವ್ವ ತೋರಿಸಿಬಿಟ್ಟಳು.

ಇಷ್ಟು ತಿಂಗಳು ಕಂಪನಿ, ಮಾರ್ಕೆಟ್ಟು ಎಂದು ನಾನು ಬರೆದದ್ದನ್ನೆಲ್ಲ ಓದಿ ನೀನು ಎಷ್ಟು ನಕ್ಕಿರಬೇಕು. ಚೆನ್ನಾಗಿದೆ, ಅದನ್ನೇ ಹೇಳು ಅಂದೆ. ನನ್ನಪ್ಪನನ್ನು ಬೈಯುವ ಹಾಡಿಗೆ ನನ್ನ ಕೈಯಿಂದಲೇ ಗಿಟಾರ್ ನುಡಿಸಿಕೊಂಡೆ. ಹೇಳಿದ್ದರೆ ನುಡಿಸುತ್ತಿರಲಿಲ್ಲ ಅಂದುಕೊಂಡೆಯಾ? ಈಗ ನನಗೂ ಗೊತ್ತಿಲ್ಲ. ಗೊತ್ತಾಗುವ ಅವಕಾಶವನ್ನೂ ನೀನು ಕೊಡಲಿಲ್ಲ.

ಕೆಲಸ ನಿಲ್ಲಿಸಿದ್ದೇನೆ.

ಸೋಮಶೇಖರ್


ತಾಳವಾಡಿ
14 ನವೆಂಬರ್ 2024

ಸೋಮಶೇಖರ್ ಅವರಿಗೆ,

ನೀವು ಕೇಳಿದ್ದು ಸರಿ. ಹೇಳುತ್ತೇನೆ.

ನಾನಾಗ ಮೂರನೇ ಕ್ಲಾಸು. ನೀವೂ ಅದೇ ಕ್ಲಾಸು, ಪಕ್ಕದ ಬೆಂಚು. ಶಾಲೆಯೊಳಗೆ ಲೋ ಸೋಮ ಎನ್ನುತ್ತಿದ್ದೆ, ನಿಮ್ಮ ಮನೆಯ ಮುಂದೆ ಸೋಮಣ್ಣಾರು ಎನ್ನಬೇಕಿತ್ತು. ಅದು ನಿಮಗೆ ನೆನಪಿಲ್ಲದಿರಬಹುದು, ನನಗೆ ನೆನಪಿದೆ. ಒಂದು ಶನಿವಾರ ಅಪ್ಪನಿಗೆ ಬುತ್ತಿ ಕೊಡಲು ನಿಮ್ಮ ಜೋಳದ ಹೊಲಕ್ಕೆ ಹೋದೆ. ಕಾಲುವೆಯ ಏರಿಯ ಮೇಲೆ ನಿಂತು ನೋಡಿದರೆ ಹೊಲದ ನಡುವೆ ನಿಮ್ಮಪ್ಪ ನಿಂತಿದ್ದಾರೆ, ಕಂದು ಕೋಟು, ಕೆಂಪು ಗುಂಡಿ. ನನ್ನಪ್ಪ ಚಪ್ಪಲಿ ಬಿಟ್ಟು, ಹೆಗಲ ಟವೆಲು ಕಂಕುಳಿಗೆ ಸಿಕ್ಕಿಸಿಕೊಂಡು, ಬಗ್ಗಿ ಕೈಮುಗಿದ. ಅದರಲ್ಲಿ ಹೊಸದೇನಿರಲಿಲ್ಲ. ದಿನಾ ನೋಡುತ್ತಿದ್ದದ್ದೇ. ಹತ್ತಿರ ಹೋದೆ. ಕೋಟಿನ ಮೇಲೆ ಇದ್ದದ್ದು ಮಡಕೆ.

ನನ್ನಪ್ಪ ಹುಲ್ಲಿಗೆ ಕೈಮುಗಿದಿದ್ದ. ಬುತ್ತಿ ಅಲ್ಲೇ ಇಟ್ಟು ಓಡಿ ಬಂದೆ. ಯಾರಿಗೂ ಹೇಳಲಿಲ್ಲ, ಅಪ್ಪನಿಗಂತೂ ಹೇಳಲೇ ಇಲ್ಲ. ಭಯ ಅವನ ಮೈಯಲ್ಲಿ ಎಷ್ಟು ಇಳಿದಿದೆ ಎಂದರೆ ಕೋಟು ಕಂಡರೆ ಸಾಕು, ಬೆನ್ನು ತಾನೇ ಬಗ್ಗುತ್ತದೆ ಅಂದುಕೊಂಡೆ. ಅಷ್ಟು ವರ್ಷ ಒಳಗಿದ್ದದ್ದು ಈ ಆಲ್ಬಮ್ಮಾಯಿತು. ನಿಮಗೆ ಹೇಳಲಿಲ್ಲ, ಯಾಕೆಂದರೆ ಹೇಳಿದರೆ ನೀವು ನೊಂದುಕೊಂಡು ಕ್ಷಮೆ ಕೇಳುತ್ತೀರಿ. ಆಮೇಲೆ ಅದು ನಿಮ್ಮ ಕಥೆಯಾಗುತ್ತದೆ. ನನಗೆ ಅದು ನನ್ನಪ್ಪನ ಕಥೆಯಾಗಿಯೇ ಬೇಕಿತ್ತು.

ಈಗ ಅದೂ ಇಲ್ಲ. ಶಂಕರ್ ಮೊನ್ನೆ ಫೋನಿನಲ್ಲಿ ಎರಡನೆಯ ಭಾಗವನ್ನು ಅಪ್ಪನಿಗೆ ಕೇಳಿಸಿಬಿಟ್ಟ. ಅಪ್ಪ ಪೂರ್ತಿ ಕೇಳಿ, 'ಆ ಪದವ ಊರಲ್ಲಿ ಆಕ್ಬ್ಯಾಡಿ' ಎಂದು ಎದ್ದು ಹೋದ. ಇನ್ನೂ ಹೆದರಿಕೆ ಹೋಗಿಲ್ಲ ನೋಡಿ. ಅಪ್ಪ ಬರುವುದಿಲ್ಲ, ನೀವು ನುಡಿಸುವುದಿಲ್ಲ. ಬೆರ್ಚಪ್ಪ ಗೆದ್ದ.

ಕವಿತ


ತಾಳವಾಡಿ
19 ಜನವರಿ 2025

ಸೋಮು,

ನೀನು ಉತ್ತರ ಬರೆಯಲಿಲ್ಲ. ನಾನೂ ಇನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಇದನ್ನು ನಿನಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಪೊಂಗಲ್ ಆದ ಮಾರನೆಯ ದಿನ ಅಪ್ಪ ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ. ಊರಲ್ಲಿ ಹಾಡು ಹಾಕುವುದು ಯಾಕೆ ಬೇಡ ಅಂದೆ, ಗುರುಸ್ವಾಮಿಯವರ ಹೆದರಿಕೆಯಾ ಎಂದು ಕೇಳಿಬಿಟ್ಟೆ. ಮಾತಿಗೆ ಮಾತು ಬೆಳೆದು, ಆ ಶನಿವಾರ ನಾನು ಕಂಡದ್ದನ್ನೂ ಹೇಳಿಬಿಟ್ಟೆ. ಹೇಳುತ್ತಾ ಅತ್ತೆ. ಅಪ್ಪ ಕುಡುಗೋಲು ಕೆಳಗಿಟ್ಟು ನನ್ನ ಮುಖ ನೋಡಿದ. ಆಮೇಲೆ ನಗಲು ಶುರುಮಾಡಿದ, ಮಂಗಳಮ್ಮ ನಕ್ಕಿದ್ದಳಲ್ಲ, ಅದೇ ನಗು.

'ಲೇ ಕೂಸೇ, ಆ ಬೆರ್ಚಪ್ಪನ ಕಟ್ದೋನೇ ನಾನು. ಕೋಟು ಕೊಟ್ಟೋರು ಅವ್ರು, ಉಲ್ಲು ತುಂಬ್ದೋನು ನಾನು. ನಾನ್ ತುಂಬಿದ್ ಉಲ್ಲು ನಂಗ್ ಗೊತ್ತಾಗಕಿಲ್ವಾ' ಅಂದ.

ಹೊಲಕ್ಕೆ ಬರುವ ಕೂಲಿಯವರೆಲ್ಲ ದಿನಾ ಹಾಗೆ ಮಾಡುತ್ತಿದ್ದರಂತೆ. ಬುತ್ತಿ ಬರುವ ಹೊತ್ತಿಗೆ ಒಬ್ಬೊಬ್ಬರಾಗಿ ಬೆರ್ಚಪ್ಪನ ಮುಂದೆ ಹೋಗಿ, ಚಪ್ಪಲಿ ಬಿಟ್ಟು, ಬಗ್ಗಿ ಕೈಮುಗಿದು, ಯಜಮಾನರಿಗೆ ಹೇಳಲಾಗದ್ದನ್ನೆಲ್ಲ ಅವನಿಗೆ ಹೇಳುವುದು. ಮಿಕ್ಕವರು ಜೋಳದ ಸಾಲಿನಲ್ಲಿ ಕೂತು ಬಿದ್ದು ಬಿದ್ದು ನಗುವುದು. ಮಂಗಳಮ್ಮ ಅವನ ಹತ್ತಿರ ಎಲೆ ಅಡಿಕೆ ಕೇಳುತ್ತಿದ್ದಳಂತೆ. ಕೊಡದಿದ್ದರೆ ಇಷ್ಟು ದೊಡ್ಡ ಮನುಷ್ಯನಿಗೆ ಕೈ ಬಿಗಿಯಲ್ಲ ಎಂದು ಉಗಿಯುತ್ತಿದ್ದಳಂತೆ. ಏರಿಯ ಮೇಲೆ ಯಾರು ಹಾದು ಹೋದರೂ ಕಾಣುವುದು ನಮಸ್ಕಾರ ಮಾತ್ರ. ನಾನೂ ಏರಿಯ ಮೇಲೆಯೇ ನಿಂತಿದ್ದೆ.

ಮತ್ತೆ ಯಾಕೆ ಬೇಡ ಅಂದದ್ದು ಎಂದು ಕೇಳಿದೆ. ಆಗ ಅಪ್ಪ ಆಡಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

'ನೀನು ಅತ್ಕಂಡು ಆಡಿದ್ದೀಯ. ಕೇಳ್ದೋರು ರಾಚ ಉಲ್ಲಿಗೆ ಎದ್ರಿದ್ದ ಅಂದ್ಕತಾರೆ. ಎದ್ರಿರ್ನಿಲ್ಲ ಅಂತಲ್ಲ ಕಣವ್ವ. ಕೋಟಿನೊಳ್ಗೆ ಆಳಿದ್ದಾಗ ಎದ್ರುತಿದ್ದೆ. ಉಲ್ಲಿದ್ದಾಗ ನಗ್ತಿದ್ದೆ. ಎರಡ್ನೂ ಆಡು. ಒಂದ್ನೇ ಆಡ್ಬುಟ್ರೆ ಸುಳ್ಳಾಯ್ತದೆ.'

ಸೋಮು, ನಾವು ಏನೋ ದೊಡ್ಡ ರೂಪಕ ಕಟ್ಟಿದ್ದೇವೆ ಎಂದು ಬೀಗುತ್ತಿದ್ದೆವಲ್ಲ. ನೀನು ಕಂಪನಿ ಅಂದೆ, ನಾನು ಹೆದರಿಕೆ ಅಂದೆ. ಇವರು ಅದನ್ನು ನಾವು ಹುಟ್ಟಿದಾಗಿನಿಂದ ಆಡುತ್ತಲೇ ಇದ್ದರು, ಬುತ್ತಿ ಉಣ್ಣುತ್ತಾ. ನನ್ನಪ್ಪ ಬಗ್ಗಿದ್ದು ಬೈಯುವುದಕ್ಕೆ ಎಂದು ತಿಳಿದ ಮೇಲೆ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ. ಅಂಗಡಿಯಲ್ಲಿ ಅರ್ಜಿ ಬರೆಯುತ್ತಾ ಒಬ್ಬಳೇ ನಗುತ್ತೇನೆ, ಬಂದವರು ಹೆದರುತ್ತಾರೆ.

ಅಂದೇ ಅಂಗಳದ ಹಸು ಕಟ್ಟುವ ಕಂಬಕ್ಕೆ ಅವ್ವನ ಹಳೆಯ ರವಿಕೆ ತೊಡಿಸಿ, ಬೆರ್ಚಪ್ಪ ಎಂದು ನಿಲ್ಲಿಸಿ, ಅಪ್ಪನಿಗೆ ಆಡು ಅಂದೆ. ಮೊದಮೊದಲು ನಾಚಿದ. ಮಂಗಳಮ್ಮ ಬಂದಳು. ಆಮೇಲೆ ಬೀದಿಯೇ ಬಂತು. ಪೂರಾ ರೆಕಾರ್ಡ್ ಮಾಡಿದ್ದೇನೆ. ನಡುವೆ ಕೋಳಿ ಕೂಗುತ್ತದೆ, ಹಸು ಹಗ್ಗ ಜಗ್ಗುತ್ತದೆ, ಜನ ನಗುತ್ತಾರೆ. ಅಪ್ಪ ಒಂದೆಡೆ, ನಿಮ್ಮಪ್ಪನನ್ನು ಕರೆಯುವ ಹಾಗೆಯೇ ಬೆರ್ಚಪ್ಪನನ್ನೂ ಕರೆದು ಹೇಳುತ್ತಾನೆ: 'ಬುದ್ದೀ, ಈ ಬಿಸ್ಲಲ್ಲೂ ಕೋಟ್ ಆಕಂಡಿದ್ದೀರಲ್ಲ, ಬೆವ್ರು ಬರಕಿಲ್ವಾ? ಎಲ್ ಬಂದದು. ಬೆವ್ರಕೆ ನಾವಿದ್ದೀವಲ್ಲ.'

ಆರನೆಯ ಭಾಗ ಇದೇ. ಬೆಂಕಿಯೂ ಬೇಡ, ಮಳೆಯೂ ಬೇಡ. ನಿಮ್ಮಪ್ಪನ ಹೆಸರು ಹಿಡಿದೇ ಆಡಿದ್ದಾನೆ. ಈ ಸಲ ಮುಚ್ಚಿಡದೆ ಹೇಳಿದ್ದೇನೆ. ಹಾಕುವುದು ಬಿಡುವುದು ನಿನ್ನ ಕೈಯಲ್ಲಿದೆ. ಇದು ಇದ್ದರೆ ಅಪ್ಪ ಮೈದಾನಕ್ಕೆ ಬರುತ್ತಾನಂತೆ, ಇಲ್ಲದಿದ್ದರೆ ಬರುವುದಿಲ್ಲವಂತೆ.

ಕವಿತ


ಕೊಯಮತ್ತೂರು
2 ಫೆಬ್ರವರಿ 2025

ಪ್ರಿಯ ಕವಿತ,

ಪೆನ್‌ಡ್ರೈವನ್ನು ಒಂದು ವಾರ ಮುಟ್ಟಲಿಲ್ಲ. ಕೊನೆಗೆ ಸೆಲ್ವಿ ನನ್ನ ಮೇಜಿನಿಂದ ತೆಗೆದುಕೊಂಡು ಹೋಗಿ ಹೆಡ್‌ಫೋನ್ ಹಾಕಿ ಕೂತಳು. ಅವಳಿಗೆ ಕನ್ನಡ ಬಾರದು, ನಿಮ್ಮಪ್ಪನ ಕನ್ನಡವಂತೂ ಬಾರದೇ ಬಾರದು. ಆದರೂ ನಗತೊಡಗಿದಳು. ಏನು ಅರ್ಥವಾಯಿತು ಅಂದೆ. ಏನೂ ಆಗಲಿಲ್ಲ, ಯಾರಿಗೋ ಚೆನ್ನಾಗಿ ಬೀಳುತ್ತಿದೆ ಅಂದಳು.

ಆಮೇಲೆ ನಾನು ಕೇಳಿದೆ. ಮೊದಲ ಸಲ ಮೈ ಉರಿಯಿತು. ನನ್ನಪ್ಪ ಕಣೇ, ಉರಿಯದೆ ಇರುತ್ತದೆಯೇ. ಎದ್ದು ಹೊರಗೆ ಹೋಗಿ ಟೀ ಕುಡಿದು ಬಂದು ಮತ್ತೆ ಕೇಳಿದೆ. ಎರಡನೆಯ ಸಲ ಬೆವರಿನ ಮಾತು ಬಂದಾಗ ನನಗೂ ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. ಬೆವರದ ಕೋಟಿನ ದುಡ್ಡಿನಲ್ಲೇ ಈ ಗಿಟಾರ್ ಬಂದದ್ದು. ನವೆಂಬರಿನ ನನ್ನ ಕಾಗದವನ್ನು ಹರಿದು ಹಾಕು. ಬೇಡ, ಇಟ್ಟುಕೋ.

ನಿಮ್ಮಪ್ಪನ ಮಾತು ಯಾವ ತಾಳಕ್ಕೂ ಬಗ್ಗುವುದಿಲ್ಲ. ಒಮ್ಮೆ ಐದು, ಒಮ್ಮೆ ಏಳು, ಉಸಿರು ಬೇಕಾದಲ್ಲಿ ಉಸಿರು. ಅವರನ್ನು ತಾಳಕ್ಕೆ ಕತ್ತರಿಸುವುದು ಬೇಡ, ನಾವೇ ಅವರ ಹಿಂದೆ ಹೋಗೋಣ ಎಂದು ತೀರ್ಮಾನಿಸಿದ್ದೇವೆ. ಐದು ಭಾಗ ಜನ ಕೋಟಿನ ಹಿಂದೆ ಹೋಗುತ್ತಾರೆ, ಆರನೆಯದರಲ್ಲಿ ಇಡೀ ಬ್ಯಾಂಡು ರಾಚಪ್ಪನ ಹಿಂದೆ ಹೋಗುತ್ತದೆ. ಶಂಕರ್ ಎಲ್ಲಿ ಹೊಡೆಯಬೇಕೆಂದು ನಿಮ್ಮಪ್ಪನ ಬಾಯಿ ನೋಡಿ ಕಲಿಯಲಿ. ನನ್ನ ಗಿಟಾರ್ ಬೀದಿಯವರ ನಗುವಿನ ಜೊತೆ ಬರುತ್ತದೆ. ಇಂಥ ಖುಷಿಯಲ್ಲಿ ನಾನು ಯಾವತ್ತೂ ಕೆಲಸ ಮಾಡಿಲ್ಲ.

ಆಲ್ಬಮ್ ಹೊರತರುತ್ತೇವೆ ಎಂದಿದ್ದ ಚೆನ್ನೈನವರಿಗೆ ಕಚ್ಚಾ ಪ್ರತಿ ಕಳಿಸಿದೆ. ಐದು ಭಾಗ ಅದ್ಭುತ, ಆರನೆಯದು ಹಾಡಲ್ಲ, ಬರೀ ಬೈಗುಳ, ತೆಗೆಯಿರಿ ಎಂದರು. ಬೈಗುಳ ಉಳಿಯುತ್ತದೆ, ನೀವು ಬಿಡಿ ಎಂದೆ. ನಾವೇ ನೆಟ್ಟಿಗೆ ಹಾಕೋಣ. ಯುಗಾದಿಯ ಸಂಜೆ ಮೊದಲು ನಮ್ಮೂರು ಕೇಳಲಿ, ಆಮೇಲೆ ಮಿಕ್ಕವರು. ನಾನೂ ಬಂದು ಅಪ್ಪನಿಗೆ ಎದುರೇ ನಿಂತು ಹೇಳುತ್ತೇನೆ.

ಸೋಮು


ಕೊಯಮತ್ತೂರು
22 ಮಾರ್ಚ್ 2025

ಕವಿತ,

ನಗಬೇಡ. ನನಗೆ ಅಮ್ಮ ಎದ್ದಿದೆ. ಮುಖದಿಂದ ಪಾದದವರೆಗೆ ಗುಳ್ಳೆ. ಸೆಲ್ವಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಳಗೆ ಬರದೆ ಕಿಟಕಿಯಿಂದ ಗಂಜಿ ಕೊಡುತ್ತಿದ್ದಾಳೆ. ಈ ಕಾಗದವನ್ನು ಅವಳೇ ಬಿಸಿಲಲ್ಲಿ ಒಣಗಿಸಿ ಮೋಹನ್‌ಗೆ ತಲುಪಿಸುತ್ತಾಳೆ. ಯುಗಾದಿಗೆ ನಾನು ಬರುವ ಹಾಗಿಲ್ಲ.

ಅಪ್ಪನಿಗೆ ಎದುರು ನಿಂತು ಹೇಳುತ್ತೇನೆ ಎಂದಿದ್ದೆ. ನಿಲ್ಲಲು ಆಗದೆ ಬರೆದು ಕಳಿಸಿದ್ದೇನೆ. ಏನು ಬರೆದೆ ಎಂದು ನಿನಗೂ ಗೊತ್ತಿರಲಿ: 'ಅಪ್ಪಾ, ಯುಗಾದಿ ಸಂಜೆ ಶಾಲೆಯ ಮೈದಾನದಲ್ಲಿ ನಮ್ಮ ಹಾಡು ಹಾಕುತ್ತಾರೆ. ಅದರಲ್ಲಿ ನಿಮ್ಮನ್ನು ಆಡಿಕೊಂಡಿದೆ. ಆಡಿಕೊಂಡವನು ರಾಚಪ್ಪ, ಬರೆದವಳು ಕವಿತ, ನುಡಿಸಿದವನು ನಾನು. ಯಾರದೋ ಬಾಯಿಂದ ಕೇಳುವ ಬದಲು ನೀವೇ ಬಂದು ಕೇಳಿ.'

ಅವ್ವ ಫೋನ್ ಮಾಡಿದ್ದಳು. ಅಪ್ಪ ಎರಡು ಸಲ ಓದಿ, ಮಡಿಸಿಟ್ಟು ತೋಟಕ್ಕೆ ಹೋದರಂತೆ. ತಡೆಯಬಹುದು. ಶಾಲೆಯವರಿಗೆ ಒಂದು ಮಾತು ಹೇಳಿದರೆ ಮೈದಾನ ಸಿಗುವುದಿಲ್ಲ. ಹಾಗೇನಾದರೂ ಆದರೆ ನಿಮ್ಮ ಬೀದಿಯಲ್ಲೇ ಹಾಕು, ಬಿಡಬೇಡ. ಪೂರ್ತಿ ಮುಗಿದ ಆಲ್ಬಮ್ ಇದರೊಳಗಿನ ಪೆನ್‌ಡ್ರೈವಿನಲ್ಲಿದೆ. ಕಸದ ಬುಟ್ಟಿಗೆ ಹಾಕಬೇಡ.

ಸೋಮು


ತಾಳವಾಡಿ
31 ಮಾರ್ಚ್ 2025

ಲೋ ಸೋಮ,

ಮೈ ಕೆರೆದುಕೊಳ್ಳುವುದನ್ನು ನಿಲ್ಲಿಸಿ ಕೂತು ಓದು.

ಮೈದಾನ ಸಿಕ್ಕಿತು. ಯಾರೂ ತಡೆಯಲಿಲ್ಲ. ಶಂಕರ್ ಹುಣಸೆಮರಕ್ಕೆ ಎರಡು ಹಾರನ್ ಕಟ್ಟಿದ್ದ, ಕೆಳಗೆ ನಾಲ್ಕು ದೊಡ್ಡ ಸ್ಪೀಕರ್ ಪೆಟ್ಟಿಗೆ. ಒಬ್ಬಟ್ಟು ಉಂಡ ಜನ ಚಾಪೆ ಸುತ್ತಿಕೊಂಡು ಬಂದರು. ನಾಟಕ ಎಂದುಕೊಂಡು ಬಂದವರೇ ಹೆಚ್ಚು. ಪರದೆ ಎಲ್ಲಿ, ವೇಷ ಎಲ್ಲಿ ಎಂದು ಕೇಳಿದವರಿಗೆ ಕಿವಿ ಕೊಡಿ ಸಾಕು ಅಂದೆ. ಕುರ್ಚಿ ಹಾಕಿಸಿರಲಿಲ್ಲ, ಎಲ್ಲರಿಗೂ ನೆಲವೇ.

ಅಪ್ಪ ಎಲ್ಲರಿಗಿಂತ ಮುಂದೆ ಕೂತ. ಹೆಗಲ ಮೇಲೆ ಹೊಸ ಟವೆಲು, ಕಾಲಲ್ಲಿ ಚಪ್ಪಲಿ. ಅವ್ವ ಚಪ್ಪಲಿಯನ್ನಾದರೂ ಬಿಡು ಎಂದು ತಿವಿದಳು. ಬಿಡಲಿಲ್ಲ.

ಮೊದಲ ಭಾಗಕ್ಕೆ ಜನ ಗಲಾಟೆ ಮಾಡಿಕೊಂಡೇ ಇದ್ದರು. ನಿನ್ನ ಗಿಟಾರ್ ಕೇಳಿ ಒಬ್ಬಾಕೆ ಮೈಕ್ ಕೆಟ್ಟಿದೆ ಅಂದಳು. ಎರಡನೆಯದರಲ್ಲಿ ಕೋಟು ಬಂದ ಮೇಲೆ ಸುಮ್ಮನಾದರು. ಮೂರನೆಯದರ ನಡುವೆ ನಿಮ್ಮಪ್ಪ ಬಂದರು, ಜೊತೆಗೆ ನಿಮ್ಮವ್ವ. ಯಾರೋ ಓಡಿಹೋಗಿ ಒಂದು ಕುರ್ಚಿ ತಂದರು. ನಮ್ಮ ಬೀದಿಯವರು ಅಭ್ಯಾಸಬಲದಿಂದ ಅರ್ಧ ಎದ್ದರು. ಅಪ್ಪ ಏಳಲಿಲ್ಲ. ಅವನು ಏಳದ್ದನ್ನು ನೋಡಿ ಎದ್ದವರು ಒಬ್ಬೊಬ್ಬರಾಗಿ ಕೂತರು. ನಿಮ್ಮಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತೇ ಕೇಳಿದರು. ಹಕ್ಕಿಗೆ ಮೂರು ದಿನಕ್ಕೆ ತಿಳಿಯಿತು ಎಂಬ ಸಾಲಿಗೆ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಮಂಗಳಮ್ಮನೂ ಅತ್ತಳು. ನಾನು ಬರೆದ ಅಳುವಿಗೆ ಕೊನೆಗೂ ಯಾರೋ ಅತ್ತರು.

ಆಮೇಲೆ ಹಾರನ್ನಿನಿಂದ ಕೋಳಿ ಕೂಗಿತು. ಹಿಂದೆಯೇ ನನ್ನಪ್ಪನ ದನಿ, ಊರಿಗೆಲ್ಲ ಕೇಳುವ ಹಾಗೆ: ಬುದ್ದೀ. ಆ ಬೆವರಿನ ಮಾತು ಬಂತು. ಯಾರೂ ನಗಲಿಲ್ಲ, ಎಲ್ಲರ ಕಣ್ಣೂ ನಿಮ್ಮಪ್ಪನ ಮೇಲೆ. ಆಮೇಲೆ ಬೆರ್ಚಪ್ಪ ಉತ್ತರ ಕೊಡುವ ಜಾಗ. ಅಪ್ಪ ಅಲ್ಲಿ ನಿಮ್ಮಪ್ಪನ ದನಿ ತೆಗೆಯುತ್ತಾನಲ್ಲ, ಮಾತಿಗೆ ಮೊದಲು ಒಂದು ಉದ್ದನೆಯ ಕ್ಯಾಕರಿಕೆ, ಮಾತಾದ ಮೇಲೆ ಇನ್ನೊಂದು. ಅಲ್ಲಿಗೆ ಮೊದಲು ನಕ್ಕವರು ಯಾರು ಗೊತ್ತೇ? ನಿಮ್ಮವ್ವ. ಸೆರಗು ಬಾಯಿಗಿಟ್ಟುಕೊಂಡರೂ ತಡೆಯಲಾಗಲಿಲ್ಲ. ಅಷ್ಟು ಸಾಕಾಯಿತು. ಮೈದಾನ ಒಡೆದುಕೊಂಡಿತು. ರೆಕಾರ್ಡಿನೊಳಗಿನ ನಗು, ಮೈದಾನದ ನಗು ಎರಡೂ ಬೆರೆತು ನಿನ್ನ ಗಿಟಾರ್ ಎಲ್ಲಿದೆ ಎಂದೇ ತಿಳಿಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನಮ್ಮ ಬೀದಿಯವರು, ನಿಮ್ಮ ಬೀದಿಯವರು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಮುಗಿದ ಮೇಲೆ ನಿಮ್ಮಪ್ಪ ಶಂಕರ್ ಹತ್ತಿರ ಹೋದರು. ಮುಖ ಗಂಟಾಗಿಯೇ ಇತ್ತು. 'ಆ ಕ್ಯಾಕರಿಸೋ ಜಾಗ ಇನ್ನೊಂದ್ಸಲಿ ಆಕು' ಅಂದರು. ಶಂಕರ್ ಹಾಕಿದ. ತಲೆ ಓರೆ ಮಾಡಿಕೊಂಡು, ಇನ್ನೊಬ್ಬರ ಲೆಕ್ಕ ಪರೀಕ್ಷಿಸುವವರ ಹಾಗೆ ಕೇಳಿದರು. ಈ ಸಲ ಯಾರೂ ನಗಲಿಲ್ಲ. ನೇರ ಅಪ್ಪನ ಮುಂದೆ ಬಂದು ನಿಂತರು.

'ರಾಚ, ನಾನ್ ಅಂಗೆ ಕ್ಯಾಕರಿಸ್ತೀನಾ?'

ಅಪ್ಪ ಆಗ ಎದ್ದು ನಿಂತ, ಅವರಷ್ಟೇ ನೆಟ್ಟಗೆ. ನಾನು ಪಕ್ಕದಲ್ಲೇ ಇದ್ದೆ.

'ಇದ್ಕಿಂತ ಜೋರಾಗಿ ಕ್ಯಾಕರಿಸ್ತೀರಿ, ಗುರುಸ್ವಾಮಣ್ಣ' ಅಂದ.

ಬುದ್ದಿ ಅನ್ನಲಿಲ್ಲ, ಸೋಮು. ನಾನು ಹುಟ್ಟಿದಾಗಿನಿಂದ ಕೋಟಿನ ಮುಂದೆ ಆ ಬಾಯಿಂದ ಬೇರೆ ಮಾತು ಕೇಳಿರಲಿಲ್ಲ. ನಿಮ್ಮಪ್ಪನಿಗೂ ಅದು ಕೇಳಿಸಿತು, ಎಲ್ಲರಿಗೂ ಕೇಳಿಸಿತು. ಅವರು ಅಪ್ಪನನ್ನೇ ನೋಡಿ, ತಿರುಗಿ ಮನೆಯ ಕಡೆ ನಡೆದರು. ಸಿಟ್ಟೋ, ನಗುವೋ, ನನಗೆ ತಿಳಿಯಲಿಲ್ಲ. ತಿಳಿಯಬೇಕೆಂದು ಅನಿಸಲೂ ಇಲ್ಲ. ನಾನು ನೋಡುತ್ತಿದ್ದದ್ದು ನನ್ನಪ್ಪನನ್ನು. ಅವನು ಮತ್ತೆ ಮುಂದಿನ ಸಾಲಿನಲ್ಲೇ ಕೂತ.

ಗೆದ್ದೆವು ಕಣೋ.

ಕವಿತ